ಅಡುಗೆಮನೆ ಬಿಟ್ಟು ಉಳಿದದ್ದೆಲ್ಲ ಕಂಪನಿಗೆ

ನನ್ನ ಗಂಡನಿಗೆ ಬೇರೆ ಹೆಂಗಸಿನ ಸಹವಾಸವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತವರಿಗೆ ಹೇಳಿ ಕಳಿಸಬಹುದಿತ್ತು, ಅಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದು ಕೂರುತ್ತಿದ್ದರು, ಆಕೆಯ ಮನೆಯ ಮುಂದೆ ನಾನೇ ಹೋಗಿ ಬಾಯಿಗೆ ಬಂದದ್ದು ಬೈದು ಬರುತ್ತಿದ್ದೆ. ನಮ್ಮವರಿಗಿದ್ದದ್ದು ಕಂಪನಿ. ಕಂಪನಿಯ ಜುಟ್ಟು ಹಿಡಿಯಲು ಆಗುವುದಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೆ ಮಾತ್ರ ಏನೂ ಅಡ್ಡಿಯಿರಲಿಲ್ಲ, ಅದನ್ನು ನಾನು ಮನಸಾರೆ ಪಟ್ಟೆ.

ನಾನು ಭಾಗಮಂಡಲದ ಕಡೆಯವಳು. ಮದುವೆಯಾಗಿ ಗೋಣಿಕೊಪ್ಪಲಿಗೆ ಬಂದಾಗ ನಮ್ಮವರದು ರಸ್ತೆ ಬದಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪಲ್ಪರ್ ಎನ್ನುತ್ತಾರೆ. ಅದರ ಒಳಗೊಂದು ಡ್ರಮ್ಮು ತಿರುಗುತ್ತದೆ, ಡ್ರಮ್ಮಿಗೆ ತಾಮ್ರದ ತಗಡು ಹೊದಿಸಿರುತ್ತದೆ, ತಗಡಿನ ತುಂಬ ಹಲಸಿನ ಮುಳ್ಳಿನಂತೆ ಗುಬುಟುಗಳು. ಎರಡು ಮೂರು ಪಿಕಿಂಗ್, ಅಂದರೆ ಹಣ್ಣಿನ ಕೊಯ್ಲು, ಕಳೆಯುವಷ್ಟರಲ್ಲಿ ಆ ಗುಬುಟುಗಳು ಸವೆದು ಹೋಗುತ್ತವೆ. ಆಗ ಹಳೆಯ ತಗಡು ಬಿಚ್ಚಿ, ಹೊಸ ತಗಡಿಗೆ ಒಂದೊಂದೇ ಗುಬುಟು ಹೊಡೆದು, ಡ್ರಮ್ಮಿಗೆ ಬಿಗಿಯಬೇಕು. ನಮ್ಮವರ ಕೈ ಅದಕ್ಕೆ ಹೆಸರಾಗಿತ್ತು. ದೊರೆಗಳ ಎಸ್ಟೇಟಿನಿಂದಲೂ ಎತ್ತಿನ ಗಾಡಿಯಲ್ಲಿ ಡ್ರಮ್ಮುಗಳು ಬರುತ್ತಿದ್ದವು.

ನಮ್ಮ ಮನೆ ಎರಡು ಜಾಗದ ಮೇಲೆ ನಿಂತಿತ್ತು. ರಸ್ತೆಗೆ ಮುಖ ಮಾಡಿದ ಮುಂದಿನ ಭಾಗ, ಅಂದರೆ ವರ್ಕ್‌ಶಾಪು, ಜಗುಲಿ, ಮಲಗುವ ಕೋಣೆಗಳು, ನಮ್ಮವರು ದುಡಿದು ಕೊಂಡದ್ದು. ಹಿಂದಿನ ಭಾಗ, ಅಂದರೆ ಅಡುಗೆಮನೆ, ಬಚ್ಚಲು, ಬಾವಿ, ದನದ ಕೊಟ್ಟಿಗೆ, ನನ್ನ ಚಿನ್ನ ಮಾರಿ ಕೊಂಡದ್ದು. ಆ ಚಿನ್ನ ಮಾರುವಾಗ ಅಪ್ಪ ಬಂದು ಪತ್ರ ನನ್ನ ಹೆಸರಿಗೇ ಆಗಬೇಕೆಂದು ಹಟ ಹಿಡಿದಿದ್ದರು. ಆಗ ನನಗೇ ನಾಚಿಕೆಯಾಗಿತ್ತು. ಗಂಡ ಹೆಂಡತಿಯ ನಡುವೆ ಇದೆಂಥ ಲೆಕ್ಕಾಚಾರ ಎಂದು ಅಪ್ಪನ ಮೇಲೆ ಮುನಿಸಿಕೊಂಡು ಅವರಿಗೆ ಕಾಫಿ ಕೊಡುವಾಗಲೂ ಮಾತಾಡಲಿಲ್ಲ.

ಕಂಪನಿಯ ಮಾತು ಶುರುವಾದದ್ದು ಭಯದಿಂದ. ಸೋಮವಾರಪೇಟೆಯ ಕಡೆ ಇದೇ ಕೆಲಸ ಮಾಡುತ್ತಿದ್ದ ಒಬ್ಬನ ಮೇಲೆ ಎಸ್ಟೇಟಿನವರು ದಾವೆ ಹಾಕಿದರು. ಅವನು ರಿಪೇರಿ ಮಾಡಿದ ಎಂಜಿನ್ನಿನಿಂದ ಬೆಂಕಿ ಹತ್ತಿತಂತೆ. ಕೋರ್ಟಿನವರು ಬಂದು ಅವನ ವರ್ಕ್‌ಶಾಪಿನ ಜೊತೆಗೆ ಮನೆ, ಹಸು, ಕೊನೆಗೆ ಮಂಚವನ್ನೂ ಹರಾಜಿಗೆ ಹಾಕಿದರು. ಸುದ್ದಿ ಕೇಳಿದ ದಿನ ನಮ್ಮವರು ಊಟ ಮಾಡಲಿಲ್ಲ. ಮರುದಿನ ಬಸ್ಸು ಹತ್ತಿ ಮಡಿಕೇರಿಯ ಒಬ್ಬ ವಕೀಲರನ್ನು ನೋಡಲು ಹೊರಟರು. ನಾನೂ ಹೋದೆ. ಮಡಿಕೇರಿಯಲ್ಲಿ ಸೀರೆ ಕೊಳ್ಳುವುದಿತ್ತು.

ವಕೀಲರು ಮಂಗಳೂರಿನ ಕಡೆಯವರು, ತಾಳ್ಮೆಯ ಮನುಷ್ಯ. ಬಿಡಿಸಿ ಬಿಡಿಸಿ ಹೇಳಿದರು.

“ನೋಡಿ, ನೀವು ಒಂದು ಕಂಪನಿ ರಿಜಿಸ್ಟರ್ ಮಾಡಿಸಿ. ವರ್ಕ್‌ಶಾಪಿನ ಕೆಲಸವೆಲ್ಲ ಇನ್ನು ಕಂಪನಿಯದ್ದು, ನಿಮ್ಮದಲ್ಲ. ನಾಳೆ ಯಾರಾದ್ರೂ ದಾವೆ ಹಾಕಿದ್ರೆ ಕಂಪನಿ ಮೇಲೆ ಹಾಕ್ಬೇಕು. ಕಂಪನಿಯದ್ದು ಏನುಂಟೋ ಅದು ಹೋದೀತು. ನಿಮ್ಮ ಮನೆಗೆ ಕೈ ಹಾಕ್ಲಿಕ್ಕೆ ಆಗುದಿಲ್ಲ.”

“ಹಾಗಾರೆ ಕಂಪನಿ ಅಂದ್ರೆ ಯಾರು?” ಎಂದು ನಮ್ಮವರು ಕೇಳಿದರು.

“ಅದೇ ಒಂದು ವ್ಯಕ್ತಿ. ಕಾನೂನಿನ ಕಣ್ಣಿಗೆ ನೀವು ಹೇಗೆ ಒಬ್ಬರೋ ಅದೂ ಹಾಗೇ. ಅದಕ್ಕೆ ಅದರದ್ದೇ ಹೆಸರು, ಅದರದ್ದೇ ಆಸ್ತಿ. ನೀವು ಸತ್ತರೂ ಅದು ಬದುಕಿರ್ತದೆ.”

ನಾನು ಮೂಲೆಯ ಬೆಂಚಿನಲ್ಲಿ ಕೂತಿದ್ದವಳು ತಡೆಯಲಾರದೆ ಕೇಳಿದೆ: “ಗಂಡಸೋ, ಹೆಂಗಸೋ?”

ವಕೀಲರು ನಕ್ಕರು. ನಮ್ಮವರು ನಗಲಿಲ್ಲ. ಅವರ ಮುಖ ನೋಡಿದೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಿದ್ದಾಗ ಇದ್ದ ಮುಖವೇ ಅದು. ಅವತ್ತು ಸೀರೆ ಕೊಂಡೆ, ಯಾವ ಬಣ್ಣದ್ದು ಎಂದು ಈಗ ನೆನಪಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲದಾಯಿತು. ಅದಕ್ಕೊಂದು ಹೆಸರು ಬೇಕಲ್ಲ. ನಮ್ಮ ಹಿರಿಮಗಳಿಗೆ ಹೆಸರಿಡುವಾಗ “ಅಕ್ಕನ ಕೇಳಿ ಯಾವುದಾರೂ ಒಂದ್ ಇಡಿ” ಎಂದು ಹೇಳಿ ಡ್ರಮ್ಮು ಬಿಗಿಯಲು ಹೋಗಿದ್ದ ಮನುಷ್ಯ, ಕಂಪನಿಯ ಹೆಸರಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ಒಂದೊಂದು ಹೆಸರನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದರು. ಆಮೇಲೆ ಮುದ್ರೆ ಮಾಡಿಸಿದರು. ಒತ್ತಿದರೆ ಕಾಗದದ ಮೇಲೆ ಹೆಸರು ಉಬ್ಬಿ ನಿಲ್ಲುವಂಥ ಭಾರದ ಕಬ್ಬಿಣದ ಮುದ್ರೆ. ಅದನ್ನು ಒರೆಸಲು ನನ್ನ ಹಳೆಯ ರೇಷ್ಮೆ ಕುಪ್ಪಸ ಹರಿದುಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಡುಗೆಮನೆಯಿಂದಲೇ ಹೇಳಿದೆ. ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಅವರ ಕಿವಿ ಆಗಲೇ ಮನೆಯ ಮುಂದಿನ ಭಾಗದ ಕಡೆಗಿತ್ತು.

ಕಂಪನಿಗೆ ಒಬ್ಬರೇ ಸಾಲದಂತೆ, ಇಬ್ಬರಾದರೂ ಸದಸ್ಯರು ಬೇಕಂತೆ. ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತರು.

“ನೀನ್ ಒಂದ್ ರುಜು ಹಾಕಿರೆ ಆತ್. ನಾನ್ ಒಬ್ಬ, ನೀನ್ ಒಬ್ಬ. ಬೇರೆಯವು ಯಾಕೆ?”

“ಇನ್ನ್ ಮೇಲೆ ನೀವು ಬೇರೆ, ಕಂಪನಿ ಬೇರೆ, ಅಲ್ವಾ?”

“ಹೌದು. ವಕೀಲರ ಮಾತ್ ನೀನೂ ಕೇಳ್ದಲ್ಲ.”

“ಹಂಗಾರೆ ನಾನ್ ಯಾರ ಹೆಣ್ಣ್? ನಿಮ್ಮದಾ, ಕಂಪನಿದಾ?”

“ಎಂಥ ಮಾತ್ ಅದ್!” ಎಂದು ನಕ್ಕು ನನ್ನ ಕೈಗೆ ಪೆನ್ನು ಕೊಡಲು ಬಂದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಸವತಿಗೆ ನಾನೇ ಹಸೆ ಹಾಸಬೇಕೇ? ನನಗೆ ಬೇಡ ಎಂದೆ. ಅವರು ಎರಡನೆಯ ಸಲ ಕೇಳಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು. ಸಂಜೆಯೊಳಗೆ ಅವರ ಅಕ್ಕ ಹೆಬ್ಬೆಟ್ಟು ಒತ್ತಿ ಆಗಿತ್ತು.

ಅವರ ಅಕ್ಕ ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದರು. ಒಳ್ಳೆಯವರೇ. ಆದರೆ ಹೆಬ್ಬೆಟ್ಟು ಒತ್ತಿದ ಮೇಲೆ ಅವರು ತರಕಾರಿ ಹೆಚ್ಚುವ ಜಾಗ ಬದಲಾಯಿತು. ಈಳಿಗೆ ಮಣೆ ಎತ್ತಿಕೊಂಡು ಹೋಗಿ ಮುಂದಿನ ಜಗುಲಿಯಲ್ಲಿ ಕೂರುವರು. ಡ್ರಮ್ಮು ತಂದ ಎಸ್ಟೇಟ್ ರೈಟರುಗಳ ಹತ್ತಿರ “ಕಂಪನಿ ನಮ್ಮದೇ” ಎನ್ನುವರು. ನಾನು ಬೇಡ ಎಂದು ಬಿಟ್ಟದ್ದನ್ನು ಇನ್ನೊಬ್ಬರು ತೆಗೆದುಕೊಂಡರೆ ನನಗೆ ಯಾಕೆ ಸಂಕಟವಾಗಬೇಕು? ಆಯಿತು. ಬೇಡವಾದ ಸೀರೆಯನ್ನು ನಾದಿನಿ ಉಟ್ಟುಕೊಂಡು ಎದುರಿಗೆ ತಿರುಗಾಡಿದರೆ ಯಾವ ಹೆಂಗಸಿಗೂ ಆಗುವುದೇ ನನಗೂ ಆಯಿತು.

ಆ ವರ್ಷದ ಸುಗ್ಗಿಹಬ್ಬ ಪುತ್ತರಿಗೆ ಹೊಸ ಭತ್ತದ ಕದಿರು ಮನೆಗೆ ಬಂದಾಗ, ಅದನ್ನು ಎಲೆಯಲ್ಲಿ ಸುತ್ತಿ ಮೊದಲು ಕಟ್ಟುವುದು ದೇವರ ದೀಪಕ್ಕೆ, ಆಮೇಲೆ ಒಲೆಗೆ, ಕೊಟ್ಟಿಗೆಗೆ. ನಮ್ಮವರು ದೀಪಕ್ಕೆ ಕಟ್ಟಿದವರೇ ಸೀದಾ ಮುಂದಕ್ಕೆ ನಡೆದು ಕಂಪನಿಯ ಬೋರ್ಡಿಗೆ ಕಟ್ಟಿದರು, ತಗಡು ಹೊಡೆಯುವ ಬೆಂಚಿಗೆ ಕಟ್ಟಿದರು, ಮುದ್ರೆ ಇಡುವ ಕಪಾಟಿಗೂ ಕಟ್ಟಿದರು. ಒಲೆಯ ಹತ್ತಿರ ಬರುವಷ್ಟರಲ್ಲಿ ಕದಿರು ಮುಗಿದಿತ್ತು. ನಾನೇ ಹೋಗಿ ಪಕ್ಕದ ಮನೆಯವರಲ್ಲಿ ಒಂದು ಹಿಡಿ ಕೇಳಿ ತಂದು ಕಟ್ಟಿಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಕಥೆ ಬರೇ ನನ್ನ ಹೊಟ್ಟೆಕಿಚ್ಚಿನದ್ದಾಗುತ್ತಿತ್ತು. ಆದರೆ ನಮ್ಮವರ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಅದು ಕೊಡಗಿನವರ ತಲೆಗೆ ಮಾತ್ರ ಹೊಗುವಂಥದ್ದು.

ಅವರು ಹುಟ್ಟಿ ಬೆಳೆದದ್ದು ದೊಡ್ಡ ಕುಟುಂಬದಲ್ಲಿ. ಅಲ್ಲಿ ಜಮ್ಮಾ ಭೂಮಿಯಿತ್ತು. ಅದು ಯಾವ ಒಬ್ಬನದ್ದೂ ಅಲ್ಲ, ಇಡೀ ಕುಟುಂಬದ್ದು. ಹಿರಿಯನೊಬ್ಬನ ಹೆಸರಲ್ಲಿರುತ್ತದೆ, ಅವನು ಸತ್ತರೆ ಇನ್ನೊಬ್ಬ ಹಿರಿಯ ಬರುತ್ತಾನೆ, ಭೂಮಿ ಮಾತ್ರ ಅಲ್ಲಾಡುವುದಿಲ್ಲ. ಯಾರೋ ಒಬ್ಬ ಸಾಲ ಮಾಡಿ ಕೆಟ್ಟರೆ ಆ ಸಾಲಕ್ಕೆ ಜಮ್ಮಾ ಭೂಮಿಯನ್ನು ಹರಾಜು ಹಾಕುವ ಹಾಗಿಲ್ಲ. ಇಂಥ ಕುಟುಂಬಕ್ಕೆ ನಡುವೆ ಒಂದು ಐನ್‌ಮನೆ, ಹಿರಿಯರ ಮನೆ. ನಮ್ಮವರಿಗೆ ಕಂಪನಿ ಎಂದರೆ ಅಳಿಯ ಅಲ್ಲ ಮಗಳ ಗಂಡ ಎಂದಂತೆ, ಕುಟುಂಬವೇ ಬೇರೆ ಹೆಸರಿನಲ್ಲಿ ಬಂದದ್ದು. ಸಾಯದ್ದು, ಒಬ್ಬನದ್ದಲ್ಲದ್ದು. ಅಂದ ಮೇಲೆ ಮನೆಯನ್ನು ಕಾಪಾಡಬೇಕಾದರೆ ಅದನ್ನು ಕಂಪನಿಯ ಹೆಸರಿಗೇ ಬರೆದು ಬಿಡುವುದು ಕ್ಷೇಮ! ಕುಟುಂಬದ ಭೂಮಿಯ ಹಾಗೆ ಇನ್ನು ಯಾವ ಕೋರ್ಟೂ ಮುಟ್ಟುವುದಿಲ್ಲ.

“ವಕೀಲರು ಮನೆ ಹೊರಗೆ ಇರಲಿ ಹೇಳಿದೊ ಅಲ್ವಾ?” ಎಂದೆ.

“ಅವು ಮಂಗಳೂರಿನವು. ಐನ್‌ಮನೆ ಇಲ್ಲದ ಕುಟುಂಬ ಉಟ್ಟಾ? ಅದ್ ಅವಕೆ ಎಂಥ ಗೊತ್ತುಟ್ಟು?”

ವಕೀಲರಿಗೆ ಹೇಳಿ ಕಳಿಸಿದಾಗ ಅವರು ಬೇಡವೇ ಬೇಡ ಎಂದು ಮರುಟಪಾಲಿನಲ್ಲಿ ಬರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಮ್ಮವರು ವಿರಾಜಪೇಟೆಗೆ ಹೋಗಿ ಮುಂದಿನ ಮನೆಯನ್ನು ಕಂಪನಿಗೆ ಬರೆದು ರಿಜಿಸ್ಟರ್ ಮಾಡಿಸಿಕೊಂಡು ಬಂದರು. ನಾನು ಮಲಗುವ ಕೋಣೆ ಅವತ್ತಿನಿಂದ ಆಕೆಯದ್ದಾಯಿತು. ಬಂದ ಖುಷಿಯಲ್ಲೇ ನನ್ನ ಹಿಂದಿನ ಭಾಗವನ್ನೂ ಬರೆದುಕೊಡು ಎಂದರು.

“ಮನೆ ಒಂದೇ ಇರೊಕು. ಅರ್ಧ ಅಲ್ಲಿ, ಅರ್ಧ ಇಲ್ಲಿ ಚೆಂದ ಇಲ್ಲೆ.”

“ಕೊಡಿಕೆ ಇಲ್ಲೆ.”

“ಯಾಕೆ? ನಂಬಿಕೆ ಇಲ್ಲೆಯಾ?”

“ಅವಳಿಗೆ ಹೆಸರ್ ಕೊಟ್ಟೊ. ಪುತ್ತರಿ ಕದಿರ್ ಕೊಟ್ಟೊ. ನಾನ್ ಮಲಗುವ ಕೋಣೆ ಕೊಟ್ಟೊ. ಒಲೆ ಕೊಡಿಕೆ ಇಲ್ಲೆ. ನಾನ್ ಇರುವ ತನಕ ಇಲ್ಲೆ.”

ಅವರ ಅಕ್ಕ ಅತ್ತರು, ನಮ್ಮವರು ಬೈದರು, ಆಮೇಲೆ ಮುದ್ದು ಮಾಡಿದರು, ಅದಾದ ಮೇಲೆ ಮಾತು ಬಿಟ್ಟರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಒಂದು ಮಳೆಗಾಲ ಪೂರ್ತಿ ನಡೆಯಿತು. ನಾನು ಕಾನೂನು ಓದಿದವಳಲ್ಲ, ಮುಂದೇನಾಗುತ್ತದೆ ಎಂದು ಕಂಡವಳೂ ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನೆಂಟರೆಲ್ಲ ನನ್ನ ಬುದ್ಧಿವಂತಿಕೆ ಹೊಗಳಿದರು. ಬುದ್ಧಿಯೂ ಇಲ್ಲ, ಮಣ್ಣೂ ಇಲ್ಲ. ಬರೇ ಸವತಿ ಮತ್ಸರ.

ಆ ವರ್ಷ ಪಿಕಿಂಗಿಗೆ ಮುಂಚೆ ಸಿದ್ದಾಪುರದ ಕಡೆಯ ಒಂದು ದೊಡ್ಡ ಎಸ್ಟೇಟಿನ ಡ್ರಮ್ಮು ಬಂತು. ಹೊಸ ಕಂಪನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ನಮ್ಮವರು ತಗಡೇನೋ ಚೆನ್ನಾಗಿಯೇ ಹೊಡೆದರು. ಆದರೆ ಡ್ರಮ್ಮಿಗೂ ಅದರ ಎದುರಿನ ಕಬ್ಬಿಣಕ್ಕೂ ನಡುವೆ ಕಾಳು ಜಾರುವಷ್ಟು ಸಂದು ಬಿಟ್ಟು ಕೂರಿಸಬೇಕು. ಅದನ್ನು ಎಸ್ಟೇಟಿಗೆ ಹೋಗಿ, ಹಣ್ಣು ಹಾಕಿ ತಿರುಗಿಸಿ, ಅಲ್ಲೇ ನಿಂತು ನೋಡಿ ಸರಿ ಮಾಡುವುದು ಅವರ ಪದ್ಧತಿ. ಆ ಸಲ ಹೋಗಲಿಲ್ಲ. ಅವತ್ತು ಮಡಿಕೇರಿಯ ಕಚೇರಿಯಲ್ಲಿ ಕಂಪನಿಯ ಏನೋ ಕಾಗದ ಕೊಡುವ ಕಡೆಯ ದಿನವಾಗಿತ್ತು. ಆಕೆಯ ಕೆಲಸಕ್ಕೆ ಓಡಿದರು. ಡ್ರಮ್ಮು ಕೂರಿಸಿದ್ದು ಎಸ್ಟೇಟಿನವರೇ.

ಸಂದು ಕಿರಿದಾಗಿ ಕಾಳು ಕತ್ತರಿಸಿ ಹೋಗುತ್ತಿತ್ತು. ಕಾಳಿನ ಮೇಲೆ ಹೊಟ್ಟಿನ ಹೊದಿಕೆ ಇರುವುದರಿಂದ ಕಣದಲ್ಲಿ ಒಣಗುವಾಗ ಯಾರಿಗೂ ಕಾಣಲಿಲ್ಲ. ಇಡೀ ಬೆಳೆ ಮಂಗಳೂರಿಗೆ ಇಳಿದು, ಅಲ್ಲಿ ಹೊಟ್ಟು ತೆಗೆದಾಗ, ಒಳಗೆ ಗಾಯಗೊಂಡು ಕಪ್ಪಾದ ಕಾಳು. ಬೆಳೆ ಬಂದ ಬೆಲೆಗೆ ಹೋಯಿತು. ಎಸ್ಟೇಟಿನವರು ದಾವೆ ಹಾಕಿದರು, ಕಂಪನಿಯ ಮೇಲೆ. ಕೂರಿಸಿ ಕೊಡುವ ಹೊಣೆ ನಿಮ್ಮದೇ ಎಂದು ಒಪ್ಪಿದ್ದಿರಲ್ಲ ಎಂದು ಕೋರ್ಟು ಕೇಳಿದಾಗ ನಮ್ಮವರು ಹೌದೆಂದರು.

ತೀರ್ಪು ಬಂದ ದಿನವೂ ಅವರು ಧೈರ್ಯವಾಗಿಯೇ ಇದ್ದರು. “ಮನೆ ಕಂಪನಿದ್. ಅದ್ನ ಮುಟ್ಟಿಕೆ ಆಕಿಲೆ” ಎಂದು ನನಗೇ ಸಮಾಧಾನ ಹೇಳಿದರು. ಮಡಿಕೇರಿಯ ವಕೀಲರು ತಲೆ ಮೇಲೆ ಕೈ ಹೊತ್ತು ಕೂತರಂತೆ. ಜಮ್ಮಾ ಭೂಮಿಯನ್ನು ಕಾಯುವ ಕಾನೂನೇ ಬೇರೆ, ಕಂಪನಿಯ ಕಾನೂನೇ ಬೇರೆ, ಕಂಪನಿಯ ಹೆಸರಿನಲ್ಲಿದ್ದದ್ದನ್ನೇ ಮೊದಲು ಎತ್ತುತ್ತಾರೆ ಎಂದು ಅವರು ಮತ್ತೆ ಬಿಡಿಸಿ ಹೇಳಿದ ಮೇಲೆ ನಮ್ಮವರು ಕೊನೆಯ ಬಸ್ಸಿನಲ್ಲಿ ಮನೆಗೆ ಬಂದು ಜಗುಲಿಯಲ್ಲಿ ಕೂತರು. ಒಳಗೆ ಬನ್ನಿ ಎಂದೆ.

“ಮನೆ ಹೋತ್” ಎಂದರು. ಅಷ್ಟೇ.

ಜಪ್ತಿಗೆ ಕೋರ್ಟಿನ ಅಮೀನ ಬಂದು ಮುಂದಿನ ಮನೆಯನ್ನೆಲ್ಲ ಬರೆದುಕೊಂಡ. ಮಲಗುವ ಕೋಣೆ, ಬೆಂಚು, ಕಪಾಟು ಎಲ್ಲ. ಅಡುಗೆಮನೆಯ ಹೊಸಿಲಿನ ಹತ್ತಿರ ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತು ಅಪ್ಪ ಮಾಡಿಸಿದ್ದ ಪತ್ರ ತೋರಿಸಿದೆ. ಅವನು ಓದಿ, ತಲೆಯಾಡಿಸಿ, ಒಂದು ಲೋಟ ನೀರು ಕೇಳಿ ಕುಡಿದು ಹೋದ. ನನಗೆ ಅವತ್ತು ದುಃಖವಾಗಬೇಕಿತ್ತು. ದುಃಖವೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಅಡಿಯಲ್ಲಿ ಒಂದು ಸಂತೋಷ ಕುದಿಯುತ್ತಿತ್ತು. ಇನ್ನು ಹರಾಜು, ಇನ್ನು ಆಕೆಯ ಕಥೆ ಮುಗಿಯಿತು, ಈ ಗಂಡಸು ನನ್ನ ಒಲೆಯ ಹತ್ತಿರ ಬಂದು ಕೂರುತ್ತಾನೆ ಎಂದುಕೊಂಡೆ.

ಆದರೆ ಹರಾಜು ನಡೆಯಲೇ ಇಲ್ಲ. ಗೋಣಿಕೊಪ್ಪಲಿನಲ್ಲೇ ಕರಿಮೆಣಸಿನ ವ್ಯಾಪಾರ ಮಾಡುತ್ತಿದ್ದ ಸಾಹುಕಾರರೊಬ್ಬರು ಮುಂದೆ ಬಂದರು. ಎಸ್ಟೇಟಿನವರ ಬಾಕಿ ತಾನು ತೀರಿಸುತ್ತೇನೆ, ನೀವು ಅಕ್ಕ ತಮ್ಮ ಇಬ್ಬರೂ ನಿಮ್ಮ ಪಾಲು ನನಗೆ ಬರೆದುಕೊಡಿ ಎಂದರು. ಕಂಪನಿ ಹಾಗೆಯೇ ಇರುತ್ತದೆ, ಅದೇ ಬೋರ್ಡು, ಅದೇ ಹೆಸರು, ಅದೇ ಮನೆ. ಸದಸ್ಯರು ಮಾತ್ರ ಬೇರೆ. ಅವರ ಅಕ್ಕ ಹೆಬ್ಬೆಟ್ಟು ಒತ್ತಿ ಈಳಿಗೆ ಮಣೆ ಎತ್ತಿಕೊಂಡು ನನ್ನ ಅಡುಗೆಮನೆಗೆ ವಾಪಸು ಬಂದರು. ನಾನು ಸೌತೆಕಾಯಿ ಮುಂದಿಟ್ಟೆ. ಸಾಹುಕಾರರು ನನ್ನಲ್ಲಿಗೂ ಬಂದರು.

“ಅಮ್ಮಾ, ಹಿಂದಿಂದೂ ಕೊಟ್ಟುಬಿಡಿ. ಒಳ್ಳೆ ಬೆಲೆ ಕೊಡ್ತೇನೆ. ನಿಮ್ಮವರಿಗೆ ಕೆಲಸ ಹೇಗೂ ಉಂಟಲ್ಲ, ಫಿಟ್ಟರ್ ಆಗಿ ನಾನೇ ಇಟ್ಕೊಳ್ತೇನೆ.”

ಕೆಲಸದ ಮಾತು ನನಗೆ ಸಾಹುಕಾರರ ಬಾಯಿಂದಲೇ ಗೊತ್ತಾದದ್ದು. ನಮ್ಮವರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಒಪ್ಪಿಕೊಂಡು ಆಗಿತ್ತು. ತಾನು ಹೆಸರಿಟ್ಟದ್ದರ ಬಾಗಿಲಲ್ಲಿ ಕೂಲಿಗೆ ನಿಲ್ಲಲು ಒಪ್ಪಿಕೊಂಡಿದ್ದರು, ಅದೂ ಎಷ್ಟು ಸಂತೋಷವಾಗಿ! ಮುಖ ಕೆಳಗಿದ್ದರೂ ಕಿವಿ ಕೆಂಪಾಗಿತ್ತು. ಹಿಂದಿನದನ್ನು ಕೊಡುವುದಿಲ್ಲ ಎಂದು ಸಾಹುಕಾರರಿಗೆ ಹೇಳಿ ಕಳಿಸಿದೆ.

ಮುಂದಿನ ಮನೆಗೂ ಅಡುಗೆಮನೆಗೂ ನಡುವೆ ಇದ್ದ ಬಾಗಿಲು ಕಿತ್ತು ಗೋಡೆ ಕಟ್ಟಿದರು. ನಾವು ಕೊಟ್ಟಿಗೆಯ ಪಕ್ಕ ಒಂದು ಕೋಣೆ ಇಳಿಸಿಕೊಂಡೆವು. ನಮ್ಮವರು ದಿನಾ ಬೆಳಿಗ್ಗೆ ಬಾವಿಯ ಹಿಂದಿನ ಓಣಿಯಿಂದ ಸುತ್ತಿ ರಸ್ತೆಗೆ ಹೋಗಿ, ಮುಂದಿನಿಂದ ಕೆಲಸಕ್ಕೆ ಹತ್ತುತ್ತಿದ್ದರು. ಆಷಾಢದ ಮಳೆಯಲ್ಲಿ ಊಟಕ್ಕೆ ಬರುವಾಗ ತೊಯ್ದು ತೊಪ್ಪೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಬಿಡಿಸಿದರೆ ಸಾಹುಕಾರರದ್ದೇನೂ ಅಡ್ಡಿಯಿಲ್ಲ, ನೀನು ಒಪ್ಪಿದರೆ ಆಯಿತು ಎಂದು ಕೇಳಿದರು. ಒಪ್ಪಲಿಲ್ಲ. ಬಾಗಿಲಿದ್ದರೆ ಊಟಕ್ಕೂ ಕೂರದೆ ತಟ್ಟೆ ಅಲ್ಲಿಗೇ ತರಿಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಒದ್ದೆಯಾದರೂ ಸರಿ, ನನ್ನ ಹತ್ತಿರ ಬರಲಿ. ಅವರ ಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿ ಕೊಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಅವರಿಗಿಷ್ಟವೆಂದು ಅವತ್ತು ಬಿದಿರಿನ ಕಳಲೆ ಸಾರು ಮಾಡಿದ್ದೆ. ಗೋಡೆಯಾಚೆ ಯಾರೋ ತಗಡು ಹೊಡೆಯುತ್ತಿದ್ದರು. ನಮ್ಮವರು ಎರಡು ತುತ್ತು ತಿಂದು, ಮೂರನೆಯದನ್ನು ಕೈಯಲ್ಲೇ ಹಿಡಿದು, ತಲೆಯನ್ನು ಗೋಡೆಯ ಕಡೆಗೆ ಓರೆ ಮಾಡಿದರು.

“ಊಟ ಮಾಡಿ” ಎಂದೆ.

“ಒಂದ್ ನಿಮಿಷ.”

ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಅಷ್ಟು ಮಳೆಯ ಸದ್ದಿನಲ್ಲೂ ಅವರು ಆಚೆಯ ಒಂದೊಂದು ಪೆಟ್ಟನ್ನೂ ಕೇಳಿಸಿಕೊಳ್ಳುತ್ತಿದ್ದರು. ಸರಿಯಾದ ಪೆಟ್ಟಿಗೆ ಕಣ್ಣು ಸಣ್ಣಗಾಗುತ್ತಿತ್ತು, ತಪ್ಪಿದ ಪೆಟ್ಟಿಗೆ ಹುಬ್ಬು ಗಂಟಾಗುತ್ತಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಒಂದು ಮಾತನ್ನೂ ಹಾಗೆ ಕೇಳಿಸಿಕೊಂಡವರಲ್ಲ. ನಾನು ಸೌಟು ಹಿಡಿದು ಎದುರಿಗೇ ನಿಂತಿದ್ದೆ. ಗೋಡೆ ನನ್ನದು, ಒಲೆ ನನ್ನದು, ಮೇಲಿನ ಹಂಚೂ ನನ್ನದು, ಯಾವ ಅಮೀನನೂ ಮುಟ್ಟಲಾರದ್ದು. ಅವರು ಆ ತುತ್ತನ್ನು ತಟ್ಟೆಗೆ ಇಳಿಸಿ, ಕೈ ತೊಳೆದು, ಒಣಗದ ಕೋಟನ್ನೇ ಹಗ್ಗದಿಂದ ಎಳೆದುಕೊಂಡು ಮಳೆಗೆ ಇಳಿದರು.